ಹಳೆಯ ಸಣ್ಣ ಕಾರುಗಳ ಚಕ್ರಗಾತ್ರ ಮತ್ತು ಚಕ್ರಕಮಾನು ವಿಸ್ತರಣೆ

ಚಕ್ರಕಮಾನು ಎಂಬುದು ಕಾರಿನ ಮೈಯಲ್ಲಿ ಪ್ರತಿಯೊಂದು ಚಕ್ರದ ಮೇಲ್ಭಾಗವನ್ನು ಆವರಿಸಿರುವ ಅರ್ಧವೃತ್ತಾಕಾರದ ಅಂಚು. ಇದನ್ನು ವೀಲ್ ಆರ್ಚ್ ಎಂದೂ ಕರೆಯುತ್ತಾರೆ. ಕಾರಿಗೆ ಮೂಲಕ್ಕಿಂತ ಅಗಲವಾದ ಚಕ್ರವನ್ನು ಜೋಡಿಸಿದಾಗ ಟೈರು ಈ ಅಂಚಿನಿಂದ ಹೊರಕ್ಕೆ ಚಾಚುವುದುಂಟು. ಹಾಗೆ ಚಾಚಿದ ಭಾಗವನ್ನು ಮುಚ್ಚಲು ಅಂಚಿಗೆ ಸೇರಿಸುವ ರಬ್ಬರು, ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಅಥವಾ ಉಕ್ಕಿನ ಪಟ್ಟಿಯೇ ಚಕ್ರಕಮಾನು ವಿಸ್ತರಣೆ. ಪ್ರೀಮಿಯರ್ ಪದ್ಮಿನಿ, ಮಾರುತಿ 800 ಮೊದಲಾದ ಹಳೆಯ ಸಣ್ಣ ಕಾರುಗಳನ್ನು ಉಳಿಸಿಕೊಂಡಿರುವವರು ಮೂಲ ಟೈರು ದೊರೆಯದಿದ್ದಾಗ ಅಥವಾ ಕಾರಿನ ಅಂದವನ್ನು ಹೆಚ್ಚಿಸಬೇಕೆಂದಾಗ ಈ ಮಾರ್ಪಾಡನ್ನು ಯೋಚಿಸುತ್ತಾರೆ.

ವಿಸ್ತರಣೆಯು ಹೊರಚಾಚಿದ ಚಕ್ರವನ್ನು ಮುಚ್ಚುತ್ತದೆಯೇ ಹೊರತು ಚಕ್ರಕ್ಕೆ ಬೇಕಾದ ಜಾಗವನ್ನು ಸೃಷ್ಟಿಸುವುದಿಲ್ಲ. ಜಾಗವನ್ನು ನಿರ್ಧರಿಸುವುದು ರಿಮ್ಮಿನ ವ್ಯಾಸ, ಅಗಲ, ಆಫ್‌ಸೆಟ್ ಮತ್ತು ಟೈರಿನ ಎತ್ತರ. ಆದುದರಿಂದ ಮೊದಲು ಚಕ್ರದ ಅಳತೆಯನ್ನು ಹೊಂದಿಸಿ, ಅನಂತರ ಅಗತ್ಯವಿದ್ದರೆ ಮಾತ್ರ ವಿಸ್ತರಣೆಯನ್ನು ಜೋಡಿಸುವುದು ಸರಿಯಾದ ಕ್ರಮ.

ಹಿನ್ನೆಲೆ

ಸಣ್ಣ ಕಾರಿನ ಚಕ್ರಗಾತ್ರದ ಚರಿತ್ರೆಯಲ್ಲಿ ಬ್ರಿಟನ್ನಿನ ಮಿನಿ ಕಾರಿಗೆ ವಿಶೇಷ ಸ್ಥಾನವಿದೆ. ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿದ ಈ ಕಾರು 1959ರ ಆಗಸ್ಟ್ 26ರಂದು ಬಿಡುಗಡೆಯಾಯಿತು. ಒಳಗೆ ನಾಲ್ವರಿಗೆ ಜಾಗ ದೊರಕಿಸಲು ಚಕ್ರವನ್ನು ಕೇವಲ 10 ಅಂಗುಲಕ್ಕೆ ಇಳಿಸಲಾಯಿತು. ಅದಕ್ಕಾಗಿ ಡನ್‌ಲಪ್ ಕಂಪನಿಯು 5.20–10 ಅಳತೆಯ ಟೈರನ್ನು ತಯಾರಿಸಿಕೊಟ್ಟಿತು. 1984ರಲ್ಲಿ ಎಲ್ಲ ಮಿನಿಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅಳವಡಿಸಿದಾಗ ಚಕ್ರವನ್ನು 12 ಅಂಗುಲಕ್ಕೆ ಏರಿಸಿ, ಕಾರ್ಖಾನೆಯಿಂದಲೇ ಪ್ಲಾಸ್ಟಿಕ್ ಚಕ್ರಕಮಾನು ವಿಸ್ತರಣೆಗಳನ್ನು ಜೋಡಿಸಲಾಯಿತು. 1990ರ ದಶಕದ ಉತ್ತರಾರ್ಧದಲ್ಲಿ 13 ಅಂಗುಲದ, 6 ಅಂಗುಲ ಅಗಲದ ಚಕ್ರಗಳೂ ಅವುಗಳಿಗೆ ತಕ್ಕ ಇನ್ನೂ ಅಗಲವಾದ ವಿಸ್ತರಣೆಗಳೂ ಬಂದವು. ಈ ಕಾರಿನ ತಯಾರಿಕೆ 2000ದ ಅಕ್ಟೋಬರಿನಲ್ಲಿ ನಿಂತಿತು.

ಮಿನಿಯ 12 ಅಂಗುಲದ ಟೈರಿನ ಅಳತೆ 145/70 ಆರ್ 12. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಮಾರುತಿ 800 ಕಾರು ಬಹುಕಾಲ ಬಳಸಿದ್ದೂ ಇದೇ ಅಳತೆಯನ್ನು. ಮಿನಿಗೆ ಮುಂದೆ 13 ಅಂಗುಲದ ಚಕ್ರ ಬಂದಾಗ ಟೈರು 175/50 ಆರ್ 13 ಆಯಿತು. ಹಳೆಯ ಟೈರಿನ ಒಟ್ಟು ವ್ಯಾಸ ಸುಮಾರು 508 ಮಿ.ಮೀ., ಹೊಸದರದು ಸುಮಾರು 505 ಮಿ.ಮೀ. ಅಂದರೆ ರಿಮ್ಮು ಒಂದು ಅಂಗುಲ ದೊಡ್ಡದಾದರೂ ಟೈರಿನ ಪಕ್ಕದ ಎತ್ತರವನ್ನು ತಗ್ಗಿಸಿ, ಇಡೀ ಚಕ್ರದ ವ್ಯಾಸವನ್ನು ಹೆಚ್ಚು ಕಡಿಮೆ ಹಾಗೆಯೇ ಉಳಿಸಿಕೊಳ್ಳಲಾಯಿತು. ಹೆಚ್ಚಾದದ್ದು ಅಗಲ ಮಾತ್ರ, ವಿಸ್ತರಣೆ ಬೇಕಾದದ್ದೂ ಆ ಅಗಲಕ್ಕಾಗಿ.

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು 1964ರಿಂದ ತಯಾರಿಸಿದ ಫಿಯೆಟ್ 1100 ಡಿಲೈಟ್ ಕಾರು 1974ರಿಂದ ಪದ್ಮಿನಿ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. 1089 ಸಿ.ಸಿ. ಎಂಜಿನ್ನಿನ ಈ ಕಾರಿನ ಮೂಲ ಟೈರು 5.20–14 ಅಳತೆಯ, ಅಡ್ಡನೂಲಿನ ಕ್ರಾಸ್‌ಪ್ಲೈ ಮಾದರಿಯದು. ರೇಡಿಯಲ್ ಟೈರುಗಳು ಸಾರ್ವತ್ರಿಕವಾದ ಮೇಲೆ ಇಂಥ ಕಾರುಗಳಿಗೆ ಬದಲಿ ಅಳತೆಯನ್ನು ಹುಡುಕುವುದು ಅನಿವಾರ್ಯವಾಯಿತು.

ಟೈರಿನ ಅಳತೆಯನ್ನು ಓದುವ ಬಗೆ

ಟೈರಿನ ಪಕ್ಕದಲ್ಲಿ 145/70 ಆರ್ 12 69 ಎಸ್ ಎಂಬಂಥ ಬರಹವಿರುತ್ತದೆ. ಅದರ ಅರ್ಥ ಹೀಗಿದೆ:

- 145: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
- 70: ಪಕ್ಕದ ಎತ್ತರವು ಅಗಲದ ಶೇ. 70ರಷ್ಟು ಎಂಬ ಸೂಚನೆ. ಇಲ್ಲಿ ಎತ್ತರ 101.5 ಮಿ.ಮೀ.
- ಆರ್: ರೇಡಿಯಲ್ ರಚನೆ.
- 12: ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದು ಅಂಗುಲಕ್ಕೆ 25.4 ಮಿ.ಮೀ.
- 69: ಭಾರಸೂಚಿ. ಒಂದು ಟೈರು ಗರಿಷ್ಠ 325 ಕಿಲೋಗ್ರಾಂ ಹೊರಬಲ್ಲದು.
- ಎಸ್: ವೇಗಸೂಚಿ. ಗಂಟೆಗೆ 180 ಕಿ.ಮೀ.

ಒಟ್ಟು ವ್ಯಾಸವನ್ನು ಕಂಡುಹಿಡಿಯಲು ರಿಮ್ಮಿನ ವ್ಯಾಸಕ್ಕೆ ಪಕ್ಕದ ಎತ್ತರದ ಎರಡರಷ್ಟನ್ನು ಕೂಡಿಸಬೇಕು. 12 ಅಂಗುಲಕ್ಕೆ 304.8 ಮಿ.ಮೀ., ಅದಕ್ಕೆ 203 ಸೇರಿದರೆ 507.8 ಮಿ.ಮೀ. ಹಳೆಯ ಕ್ರಾಸ್‌ಪ್ಲೈ ಟೈರಿನ ಬರಹದಲ್ಲಿ ಎತ್ತರದ ಸಂಖ್ಯೆ ಇರುವುದಿಲ್ಲ. ಅವುಗಳ ಎತ್ತರ ಅಗಲದ ಶೇ. 95ರಷ್ಟು ಎಂದು ಹಿಡಿದರೆ 5.20–14 ಟೈರಿನ ಒಟ್ಟು ವ್ಯಾಸ ಸುಮಾರು 607 ಮಿ.ಮೀ. ಆಗುತ್ತದೆ.

ವ್ಯಾಸದ ಹೊಂದಾಣಿಕೆ

ವೇಗಮಾಪಕವು ಚಕ್ರದ ಸುತ್ತುಗಳನ್ನು ಆಧರಿಸಿ ವೇಗವನ್ನು ತೋರಿಸುತ್ತದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಸಾಗುತ್ತದೆ, ಆದರೆ ಮಾಪಕಕ್ಕೆ ಅದು ತಿಳಿಯುವುದಿಲ್ಲ. ಹೀಗಾಗಿ ನಿಜವಾದ ವೇಗ ಮಾಪಕ ತೋರಿಸುವುದಕ್ಕಿಂತ ಹೆಚ್ಚಿರುತ್ತದೆ. ಎಂಜಿನ್ನಿಗೂ ಏರು ಹತ್ತುವಾಗ ಹೊರೆ ಹೆಚ್ಚುತ್ತದೆ. ಚಕ್ರ ಚಿಕ್ಕದಾದರೆ ಕಾರಿನ ತಳ ನೆಲಕ್ಕೆ ಸಮೀಪವಾಗುತ್ತದೆ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಹೊಸ ಚಕ್ರದ ಒಟ್ಟು ವ್ಯಾಸ ಮೂಲದಿಂದ ಶೇ. 2ಕ್ಕಿಂತ ಹೆಚ್ಚು ಬೇರೆಯಾಗದಂತೆ ನೋಡಿಕೊಳ್ಳುವುದು ಒಳ್ಳೆಯದು.

ಪದ್ಮಿನಿಯ ಮೂಲ ವ್ಯಾಸವಾದ 607 ಮಿ.ಮೀ.ಗೆ ಕೆಲವು ಅಳತೆಗಳನ್ನು ಹೋಲಿಸಿದರೆ ಹೀಗಾಗುತ್ತದೆ:

- 175/70 ಆರ್ 14: ಸುಮಾರು 601 ಮಿ.ಮೀ., ಶೇ. 1ರಷ್ಟು ಕಡಿಮೆ.
- 165/80 ಆರ್ 14: ಸುಮಾರು 620 ಮಿ.ಮೀ., ಶೇ. 2ರಷ್ಟು ಹೆಚ್ಚು.
- 155/80 ಆರ್ 13: ಸುಮಾರು 578 ಮಿ.ಮೀ., ಶೇ. 5ರಷ್ಟು ಕಡಿಮೆ.
- 165/65 ಆರ್ 14: ಸುಮಾರು 570 ಮಿ.ಮೀ., ಶೇ. 6ರಷ್ಟು ಕಡಿಮೆ.

ವ್ಯಾಸದ ದೃಷ್ಟಿಯಿಂದ ಮೊದಲ ಎರಡು ಹೊಂದುತ್ತವೆ. ಆದರೆ ಅವು ಮೂಲ ಟೈರಿಗಿಂತ 30ರಿಂದ 40 ಮಿ.ಮೀ. ಅಗಲವಾಗಿರುವುದರಿಂದ ರಿಮ್ಮಿನ ಅಗಲಕ್ಕೆ ಒಪ್ಪುತ್ತವೆಯೇ ಎಂಬುದನ್ನು ಟೈರು ತಯಾರಕರ ಪಟ್ಟಿಯಲ್ಲಿ ನೋಡಲೇಬೇಕು. ಕಿರಿದಾದ ರಿಮ್ಮಿಗೆ ಅಗಲವಾದ ಟೈರನ್ನು ಹಾಕಿದರೆ ಅದರ ಪಕ್ಕಗಳು ಉಬ್ಬಿ, ನೆಲಕ್ಕೆ ತಾಗುವ ಭಾಗ ನಡುವೆ ಮಾತ್ರ ಸವೆಯುತ್ತದೆ. ತಿರುವಿನಲ್ಲಿ ಕಾರು ಓಲಾಡುತ್ತದೆ.

ಮಾರುತಿ 800ರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇನ್ನೊಂದು ಬಗೆಯದು. ಹಳೆಯ ಆಲ್ಟೊ ಕಾರಿನ 145/80 ಆರ್ 12 ಟೈರು ಅಗಲದಲ್ಲಿಯೂ ರಿಮ್ಮಿನಲ್ಲಿಯೂ ಒಂದೇ ಆದ್ದರಿಂದ 800ಕ್ಕೂ ಸರಿಹೊಂದುತ್ತದೆ ಎಂದು ಭಾವಿಸುವುದುಂಟು. ಆದರೆ ಅದರ ಒಟ್ಟು ವ್ಯಾಸ ಸುಮಾರು 537 ಮಿ.ಮೀ., ಅಂದರೆ 29 ಮಿ.ಮೀ. ಹೆಚ್ಚು. ಮಾಪಕದಲ್ಲಿ ಗಂಟೆಗೆ 60 ಕಿ.ಮೀ. ಕಂಡಾಗ ಕಾರು ವಾಸ್ತವವಾಗಿ 63 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿರುತ್ತದೆ. ಕಮಾನಿನೊಳಗಿನ ಜಾಗವೂ ಸುಮಾರು 15 ಮಿ.ಮೀ. ಕಡಿಮೆಯಾಗುತ್ತದೆ. ಈ ಕೊರತೆಯನ್ನು ಹೊರಗೆ ಅಂಟಿಸುವ ಯಾವ ವಿಸ್ತರಣೆಯೂ ತುಂಬಿಕೊಡಲಾರದು.

ರಿಮ್ಮಿನ ಇತರ ಅಳತೆಗಳು

ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ಮಧ್ಯರೇಖೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರ. ಆಫ್‌ಸೆಟ್ ಹೆಚ್ಚಾದಂತೆ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಂತೆ ಹೊರಕ್ಕೆ ಬರುತ್ತದೆ. ಲೆಕ್ಕಕ್ಕಾಗಿ, 4.5 ಅಂಗುಲ ಅಗಲ ಮತ್ತು 40 ಮಿ.ಮೀ. ಆಫ್‌ಸೆಟ್ ಇರುವ ರಿಮ್ಮಿನ ಬದಲಿಗೆ 6 ಅಂಗುಲ ಅಗಲ ಮತ್ತು 20 ಮಿ.ಮೀ. ಆಫ್‌ಸೆಟ್ ಇರುವ ರಿಮ್ಮನ್ನು ಜೋಡಿಸಿದರೆಂದು ಭಾವಿಸೋಣ. ಒಳ ಅಂಚು ಹೆಚ್ಚು ಕಡಿಮೆ ಇದ್ದಲ್ಲಿಯೇ ಇರುತ್ತದೆ. ಹೊರ ಅಂಚು ಮಾತ್ರ 39 ಮಿ.ಮೀ.ನಷ್ಟು ಹೊರಕ್ಕೆ ಬರುತ್ತದೆ. ಅಷ್ಟು ಅಗಲದ ವಿಸ್ತರಣೆ ಬೇಕಾಗುವುದು ಹೀಗೆ.

ಈ ಬದಲಾವಣೆಗೆ ಬೆಲೆಯೂ ಇದೆ. ಚಕ್ರದ ಮಧ್ಯರೇಖೆ 20 ಮಿ.ಮೀ. ಹೊರಕ್ಕೆ ಸರಿದಾಗ ಹಬ್ಬಿನ ಬೇರಿಂಗ್ ಮೇಲೆ ಬೀಳುವ ತಿರುಚುಬಲ ಹೆಚ್ಚುತ್ತದೆ. ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರು ನೆಲಕ್ಕೆ ತಾಗುವ ಬಿಂದುವಿಗೂ ನಡುವಿನ ಅಂತರ ಹೆಚ್ಚಾಗಿ, ಒಂದು ಚಕ್ರ ಗುಂಡಿಗೆ ಇಳಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಪದ್ಮಿನಿಯಂಥ ಕಾರಿನಲ್ಲಿ ಇದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಸೇರಿಸಿದರೂ ಪರಿಣಾಮ ಇದೇ. ಬೋಲ್ಟುಗಳ ಹಿಡಿತದ ಉದ್ದ ಕಡಿಮೆಯಾಗುವ ಅಪಾಯವೂ ಜೊತೆಗೆ ಸೇರುತ್ತದೆ.

ಪಿಸಿಡಿ ಎಂದರೆ ಬೋಲ್ಟು ರಂಧ್ರಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸ. ಮಿನಿ ಕಾರಿನಲ್ಲಿ ಇದು ನಾಲ್ಕು ರಂಧ್ರಗಳಿಗೆ 101.6 ಮಿ.ಮೀ. ಇಂದಿನ ಅನೇಕ ಸಣ್ಣ ಕಾರುಗಳಲ್ಲಿ 100 ಮಿ.ಮೀ. ಇದೆ. ಕೇವಲ 1.6 ಮಿ.ಮೀ. ವ್ಯತ್ಯಾಸವಿರುವುದರಿಂದ ನಟ್ಟುಗಳು ಹೇಗೋ ಕೂತಂತೆ ತೋರುತ್ತವೆ, ಆದರೆ ಅವು ಓರೆಯಾಗಿ ಕೂತು ಓಡಾಟದಲ್ಲಿ ಸಡಿಲಗೊಳ್ಳುತ್ತವೆ. ರಂಧ್ರವನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವುದು ಇನ್ನೂ ಅಪಾಯಕರ. ರಿಮ್ಮಿನ ನಡುವಿನ ರಂಧ್ರವೂ ಹಬ್ಬಿನ ಉಬ್ಬಿಗೆ ಹೊಂದಬೇಕು. ಉಕ್ಕಿನ ರಿಮ್ಮಿನ ನಟ್ಟುಗಳು ಅಲಾಯ್ ರಿಮ್ಮಿಗೆ ಒಪ್ಪಬೇಕೆಂದಿಲ್ಲ. ನಟ್ಟಿನ ಇಳಿಜಾರು ಮುಖ ಮತ್ತು ರಂಧ್ರದ ಮುಖ ಒಂದೇ ಆಕಾರದಲ್ಲಿರಬೇಕು.

ಹಳೆಯ ರಿಮ್ಮುಗಳು ಟ್ಯೂಬ್ ಇರುವ ಟೈರಿಗಾಗಿ ರೂಪಿಸಿದವು. ಟ್ಯೂಬ್‌ಲೆಸ್ ಟೈರಿನ ಅಂಚನ್ನು ಹಿಡಿದಿಡುವ ಒಳ ಏಣು ಅವುಗಳಲ್ಲಿ ಇಲ್ಲದಿದ್ದರೆ ಟ್ಯೂಬನ್ನು ಬಳಸಬೇಕು. ಕ್ರಾಸ್‌ಪ್ಲೈ ಮತ್ತು ರೇಡಿಯಲ್ ಟೈರುಗಳನ್ನು ಬೆರೆಸದೆ ನಾಲ್ಕಕ್ಕೂ ಒಂದೇ ಬಗೆಯನ್ನು ಹಾಕುವುದು ಕ್ಷೇಮ. ಬಿಡಿಚಕ್ರವೂ ಅದೇ ಅಳತೆಯದಾಗಿರಬೇಕು.

ವಿಸ್ತರಣೆಯ ಬಗೆಗಳು ಮತ್ತು ಜೋಡಣೆ

ರಬ್ಬರಿನ ಪಟ್ಟಿ 10ರಿಂದ 20 ಮಿ.ಮೀ.ವರೆಗಿನ ಸಣ್ಣ ಹೊರಚಾಚಿಗೆ ಸಾಕು. ಪ್ಲಾಸ್ಟಿಕ್ ಮತ್ತು ಫೈಬರ್‌ಗ್ಲಾಸ್ ವಿಸ್ತರಣೆಗಳನ್ನು ರಿವೆಟ್, ತಿರುಪು ಅಥವಾ ಅಂಟಿನಿಂದ ಕೂರಿಸುತ್ತಾರೆ. ಉಕ್ಕಿನ ವಿಸ್ತರಣೆಯನ್ನು ಮೈಗೆ ಬೆಸೆಯಬೇಕಾಗುತ್ತದೆ. ಅದನ್ನು ಮೂಲಸ್ಥಿತಿಗೆ ಮರಳಿಸುವುದು ಕಷ್ಟ.

ಜೋಡಿಸುವ ಮೊದಲು ಚಕ್ರದ ಚಲನೆಯನ್ನು ಪೂರ್ತಿಯಾಗಿ ಪರೀಕ್ಷಿಸಬೇಕು. ನಿಂತ ಕಾರಿನಲ್ಲಿ ತಾಗದ ಟೈರು, ಐವರು ಕುಳಿತು ಗುಂಡಿಗೆ ಇಳಿದಾಗ ತಾಗಬಹುದು. ಕಮಾನಿನ ಒಳಗೆ ಅಲ್ಲಲ್ಲಿ ಹಸಿ ಜೇಡಿಮಣ್ಣಿನ ಉಂಡೆಗಳನ್ನು ಮೆತ್ತಿ, ಭಾರ ಹೇರಿದ ಕಾರನ್ನು ನಿಧಾನವಾಗಿ ಉಬ್ಬಿನ ಮೇಲೆ ಓಡಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡುವುದು ಸರಳವಾದ ವಿಧಾನ. ಟೈರು ಒತ್ತಿದ ಉಂಡೆಯ ದಪ್ಪವನ್ನು ಅಳೆದರೆ ಎಲ್ಲಿ ಎಷ್ಟು ಜಾಗ ಉಳಿದಿದೆಯೆಂಬುದು ತಿಳಿಯುತ್ತದೆ. ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಅಂಥ ಮಣ್ಣಿಗೆ ಕೊರತೆಯಿಲ್ಲ. ಒಳಬದಿಯಲ್ಲಿ ಬ್ರೇಕಿನ ರಬ್ಬರು ಕೊಳವೆಗೆ ಟೈರು ತಾಗುತ್ತದೆಯೇ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಉಜ್ಜಿ ಹರಿದ ಕೊಳವೆಯಿಂದ ಬ್ರೇಕ್ ದ್ರವ ಸೋರಿದರೆ ಕಾರು ನಿಲ್ಲುವುದಿಲ್ಲ.

ಜಾಗ ಸಾಲದಿದ್ದಾಗ ಕಮಾನಿನ ಅಂಚನ್ನೇ ಕತ್ತರಿಸುವ ರೂಢಿಯಿದೆ. ಪದ್ಮಿನಿ ಮತ್ತು ಮಾರುತಿ 800 ಎರಡರಲ್ಲಿಯೂ ಪ್ರತ್ಯೇಕ ಚಾಸಿಯಿಲ್ಲ, ಮೈಯೇ ಭಾರ ಹೊರುತ್ತದೆ. ಹಿಂದಿನ ಕಮಾನಿನ ಅಂಚು ಹೊರತಗಡು ಮತ್ತು ಒಳತಗಡುಗಳು ಬೆಸೆದುಕೊಂಡಿರುವ ಸ್ಥಳ. ಅದನ್ನು ಕತ್ತರಿಸಿ ಮರಳಿ ಬೆಸೆಯದೆ ಬಿಟ್ಟರೆ ಮೈಯ ಬಲ ಕುಗ್ಗುತ್ತದೆ, ನೀರು ಒಳನುಗ್ಗುತ್ತದೆ. ವಿಸ್ತರಣೆಯು ಆ ಗಾಯವನ್ನು ಕಣ್ಣಿಗೆ ಕಾಣದಂತೆ ಮರೆಮಾಡುವುದರಿಂದ ತುಕ್ಕು ಬಹುದೂರ ಹಬ್ಬಿದ ಮೇಲೆಯೇ ತಿಳಿಯುವುದು.

ಬೆಳಗಾವಿ ಮತ್ತು ಖಾನಾಪುರದ ಪರಿಸರ

ಬೆಳಗಾವಿ ನಗರವು ಬೆಂಗಳೂರು ಮತ್ತು ಪುಣೆಗಳನ್ನು ಸೇರಿಸುವ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಎರಕ ಮತ್ತು ಯಂತ್ರಭಾಗಗಳ ತಯಾರಿಕೆಗೆ ಹೆಸರಾದ ಈ ನಗರದ ಉದ್ಯಮಬಾಗ ಪ್ರದೇಶದಲ್ಲಿ ಲೇತು ಮತ್ತು ಬೆಸುಗೆಯ ಕೆಲಸ ಬಲ್ಲ ಕಾರ್ಯಾಗಾರಗಳಿವೆ. ಅಂಥ ಕೌಶಲ ಹತ್ತಿರದಲ್ಲಿಯೇ ದೊರೆಯುವುದು ಹಳೆಯ ಕಾರಿನ ಒಡೆಯನಿಗೆ ಅನುಕೂಲ. ಆದರೆ ಒಂದು ಭಾಗವನ್ನು ಮಾಡಿಸಲು ಸಾಧ್ಯ ಎಂಬುದರಿಂದಲೇ ಅದನ್ನು ಚಕ್ರಕ್ಕೆ ಜೋಡಿಸುವುದು ಯುಕ್ತವಾಗುವುದಿಲ್ಲ. ಹಬ್ಬು, ಸ್ಪೇಸರ್, ರಿಮ್ಮುಗಳು ಮನುಷ್ಯರ ಜೀವವನ್ನು ಹೊರುವ ಭಾಗಗಳು.

ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 748 ಹೋಗುತ್ತದೆ. ಹಿಂದೆ ಇದು 4ಎ ಎಂಬ ಸಂಖ್ಯೆಯಿಂದ ಪರಿಚಿತವಾಗಿತ್ತು. ಅದು ಮುಂದೆ ಲೋಂಡಾ, ರಾಮನಗರಗಳನ್ನು ಹಾದು ಅನಮೋಡ ಘಟ್ಟದ ಮೂಲಕ ಗೋವೆಗೆ ಇಳಿಯುತ್ತದೆ. ಬೆಳಗಾವಿಯಿಂದ ಗೋವೆಗೆ ಇನ್ನೊಂದು ದಾರಿ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಟ್ಟಕ್ಕೆ ಸಾಗುತ್ತದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ ಪಶ್ಚಿಮಘಟ್ಟದ ಭಾರಿ ಮಳೆಯ ಪ್ರದೇಶ. ಈ ದಾರಿಗಳಲ್ಲಿ ಓಡಾಡುವ ಹಳೆಯ ಕಾರಿಗೆ ಚಕ್ರದ ಆಯ್ಕೆ ಮೂರು ಕಾರಣಗಳಿಂದ ಮುಖ್ಯವಾಗುತ್ತದೆ.

ಮೊದಲನೆಯದು ನೀರು. ಹಗುರವಾದ ಕಾರಿಗೆ ಅಗಲವಾದ ಟೈರು ಹಾಕಿದಾಗ ಅದೇ ಭಾರ ಹೆಚ್ಚು ಅಗಲಕ್ಕೆ ಹಂಚಿಹೋಗುತ್ತದೆ. ರಸ್ತೆಯ ಮೇಲೆ ನಿಂತ ನೀರನ್ನು ಸೀಳಲಾರದೆ ಟೈರು ಅದರ ಮೇಲೆ ತೇಲುವ ಸಂಭವ ಹೆಚ್ಚುತ್ತದೆ. ಆ ಕ್ಷಣದಲ್ಲಿ ಸ್ಟೀರಿಂಗೂ ಬ್ರೇಕೂ ಕೆಲಸ ಮಾಡವು. ಕಾರಿನ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದನ್ನು ಬಳಸಬಾರದೆಂಬ ನಿಯಮವಿದೆ. ಮಳೆಗಾಲದ ಘಟ್ಟದಾರಿಗೆ ಅದಕ್ಕಿಂತ ಹೆಚ್ಚು ಆಳವೇ ಕ್ಷೇಮ.

ಎರಡನೆಯದು ಮಣ್ಣು. ಈ ಭಾಗದ ಕೆಂಪು ಜಂಬಿಟ್ಟಿಗೆ ಮಣ್ಣು ಮಳೆಯಲ್ಲಿ ರಾಡಿಯಾಗಿ, ವಿಸ್ತರಣೆಗೂ ಮೂಲ ಅಂಚಿಗೂ ನಡುವಿನ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಒದ್ದೆ ಮಣ್ಣು ವಾರಗಟ್ಟಲೆ ತೇವವನ್ನು ಹಿಡಿದಿಡುವುದರಿಂದ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ರಿವೆಟ್ ರಂಧ್ರಗಳಿಗೆ ತುಕ್ಕುನಿರೋಧಕ ಬಣ್ಣ ಬಳಿದು, ಸಂದಿಯನ್ನು ಸೀಲೆಂಟಿನಿಂದ ಮುಚ್ಚಬೇಕು. ಮಳೆಗಾಲದಲ್ಲಿ ಕಮಾನಿನ ಒಳಭಾಗವನ್ನು ಆಗಾಗ ನೀರು ಚಿಮ್ಮಿಸಿ ತೊಳೆಯಬೇಕು.

ಮೂರನೆಯದು ಇಳಿಜಾರು. ಪದ್ಮಿನಿಯ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕುಗಳಿವೆ. ಭಾರವಾದ ದೊಡ್ಡ ಚಕ್ರವನ್ನು ನಿಲ್ಲಿಸಲು ಅವು ಹೆಚ್ಚು ಶ್ರಮಿಸಬೇಕು. ಉದ್ದವಾದ ಘಟ್ಟದ ಇಳಿಜಾರಿನಲ್ಲಿ ಅವು ಕಾದು ಹಿಡಿತ ಕಳೆದುಕೊಳ್ಳಬಹುದು. ಗಾಳಿಯಾಡಲು ಬಿಡದಂತೆ ಮುಚ್ಚಿದ ರಿಮ್ಮು ಈ ಕಾವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಕಾನೂನು

ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ವಿಧಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಿದ್ದು, ಅನಂತರ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಆಗ ವಾಹನದ ತಪಾಸಣೆ ನಡೆಯುತ್ತದೆ. ಆದ್ದರಿಂದ ಕೆಎ 22 ಸಂಕೇತದ ಬೆಳಗಾವಿ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯ ಒಡೆಯರು ಚಕ್ರ ಅಥವಾ ಕಮಾನನ್ನು ಬದಲಿಸುವ ಮೊದಲೇ ಕಚೇರಿಯಲ್ಲಿ ವಿಚಾರಿಸುವುದು ಉಚಿತ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರುವ, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿ ಉಳಿದಿರುವ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದೆ. 1960ರ ದಶಕದ ಫಿಯೆಟ್ ಕಾರುಗಳು ಈಗಾಗಲೇ ಈ ವಯಸ್ಸನ್ನು ದಾಟಿವೆ. ಮೊದಲ ಮಾರುತಿ 800 ಕಾರುಗಳು 2033ರ ಕೊನೆಗೆ ಅದನ್ನು ಮುಟ್ಟಲಿವೆ. ಕಮಾನಿನ ಅಂಚನ್ನು ಕತ್ತರಿಸಿ ಉಕ್ಕಿನ ವಿಸ್ತರಣೆಯನ್ನು ಬೆಸೆದ ಕಾರು ಈ ಅರ್ಹತೆಯನ್ನು ಕಳೆದುಕೊಳ್ಳಬಹುದು.

ಆಯ್ಕೆಯ ಕ್ರಮ

ಒಟ್ಟಿನಲ್ಲಿ ಹಳೆಯ ಸಣ್ಣ ಕಾರಿಗೆ ಚಕ್ರವನ್ನು ಆರಿಸುವಾಗ ಅನುಸರಿಸಬೇಕಾದ ಕ್ರಮವಿದು:

- ಕಾರಿನ ಕೈಪಿಡಿಯಿಂದ ಮೂಲ ಟೈರು ಮತ್ತು ರಿಮ್ಮಿನ ಅಳತೆಗಳನ್ನು ಬರೆದುಕೊಳ್ಳುವುದು.
- ಪಿಸಿಡಿ, ಮಧ್ಯರಂಧ್ರ ಮತ್ತು ನಟ್ಟುಗಳು ಹೊಂದದ ರಿಮ್ಮನ್ನು ಆರಂಭದಲ್ಲಿಯೇ ಕೈಬಿಡುವುದು.
- ಒಟ್ಟು ವ್ಯಾಸದ ವ್ಯತ್ಯಾಸ ಶೇ. 2ರ ಒಳಗಿರುವ ಟೈರನ್ನು ಆರಿಸುವುದು. ಭಾರಸೂಚಿ ಮೂಲಕ್ಕಿಂತ ಕಡಿಮೆಯಿರಬಾರದು.
- ಅಗಲ ಮತ್ತು ಆಫ್‌ಸೆಟ್‌ಗಳಿಂದ ಒಳ ಮತ್ತು ಹೊರ ಅಂಚುಗಳ ಸ್ಥಾನವನ್ನು ಲೆಕ್ಕಹಾಕುವುದು.
- ಪೂರ್ಣ ಭಾರ ಮತ್ತು ಪೂರ್ಣ ತಿರುವಿನಲ್ಲಿ ಜಾಗವನ್ನು ಪರೀಕ್ಷಿಸುವುದು.
- ಟೈರು ಆಗಲೂ ಹೊರಚಾಚಿದರೆ, ಅನುಮತಿಯನ್ನು ವಿಚಾರಿಸಿ, ಮೈಯನ್ನು ಕತ್ತರಿಸದೆ ಕೂರಿಸಬಹುದಾದ ಮತ್ತು ಬೇಕೆಂದಾಗ ತೆಗೆಯಬಹುದಾದ ವಿಸ್ತರಣೆಯನ್ನು ಬಳಸುವುದು.

ಮೂಲ ಅಳತೆಗೆ ಹತ್ತಿರವಾದ ಟೈರನ್ನು ಆರಿಸಿದ ಕಾರಿಗೆ ಬಹುಮಟ್ಟಿಗೆ ವಿಸ್ತರಣೆಯ ಅಗತ್ಯವೇ ಬೀಳುವುದಿಲ್ಲ. ಬದಲಿಸಿದ ಮೂಲ ರಿಮ್ಮುಗಳನ್ನು ಮಾರದೆ ಜೋಪಾನವಾಗಿ ಇಟ್ಟುಕೊಂಡರೆ ಮುಂದೆ ಕಾರನ್ನು ಮೊದಲಿನ ರೂಪಕ್ಕೆ ತರಲು ಅವು ಒದಗುತ್ತವೆ.